ಕಾಂಡದ ಬೆಳವಣಿಗೆ: ಚಳಿ ಹಾಗೂ ಸಸ್ಯ ಹಾರ್ಮೋನುಗಳ ಪಾತ್ರ

ಹೈದರಾಬಾದಿನ ಅಬಿಡ್ಸ್ ಪ್ರದೇಶಕ್ಕೆ ಆ ಹೆಸರು ಬಂದದ್ದು ಆಬಿದ್ ಎಂಬ ವರ್ತಕನ ಅಂಗಡಿಯಿಂದ. ಅದಕ್ಕೆ ಸಮೀಪದಲ್ಲೇ 1935ರಲ್ಲಿ ನಿರ್ಮಾಣವಾದ ಮೊಅಜ್ಜಂ ಜಾಹಿ ಮಾರುಕಟ್ಟೆಯ ಕಲ್ಲಿನ ಕಟ್ಟಡವಿದೆ. ಒಂದು ಕಾಲದಲ್ಲಿ ನಗರದ ಹಣ್ಣಿನ ವ್ಯಾಪಾರಕ್ಕೆ ಅದು ಹೆಸರಾಗಿತ್ತು. ಈ ಭಾಗದ ತಳ್ಳುಗಾಡಿಗಳಲ್ಲಿ ಚಳಿಗಾಲ ಬಂದೊಡನೆ ಎಲೆಕೋಸು, ಗಜ್ಜರಿ ಮತ್ತು ಮೂಲಂಗಿ ತುಂಬಿಕೊಳ್ಳುತ್ತವೆ. ಚಳಿ ಕಳೆಯುವ ಹೊತ್ತಿಗೆ ದ್ರಾಕ್ಷಿ ಬರುತ್ತದೆ. ಕೊಳ್ಳುವವರು ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿಯುಂಟು. ಎಲೆಕೋಸು ನಗರದ ಸುತ್ತಲಿನ ಹೊಲಗಳಲ್ಲೇ ಬೆಳೆದದ್ದಾಗಿರಬಹುದು, ಆದರೆ ಅದರ ಬೀಜ ಆ ಹೊಲಗಳಲ್ಲಿ ಹುಟ್ಟಿದ್ದಲ್ಲ. ಪ್ರತಿ ಹಂಗಾಮಿಗೂ ರೈತನು ಬೀಜಕ್ಕಾಗಿ ಹಣ ತೆರಲೇಬೇಕು. ಇದರ ಕಾರಣವು ಸಸ್ಯದ ಕಾಂಡದಲ್ಲಿಯೇ ಅಡಗಿದೆ.

ಎಲೆಕೋಸು ಸಹಜವಾಗಿ ದ್ವೈವಾರ್ಷಿಕ ಸಸ್ಯ. ಮೊದಲ ಹಂಗಾಮಿನಲ್ಲಿ ಅದರ ಕಾಂಡವು ಬೆಳೆಯುವುದೇ ಇಲ್ಲವೆನ್ನುವಷ್ಟು ಗಿಡ್ಡವಾಗಿರುತ್ತದೆ. ಗೆಣ್ಣುಗಳು ಒಂದರ ಮೇಲೊಂದು ಒತ್ತಿಕೊಂಡಿದ್ದು, ಎಲೆಗಳು ಮಡಿಸಿಕೊಂಡು ಗೆಡ್ಡೆ ಕಟ್ಟುತ್ತವೆ. ಈ ಸ್ಥಿತಿಯಲ್ಲಿ ಗಿಡವು ಸುಮಾರು ಆರರಿಂದ ಎಂಟು ವಾರಗಳ ಕಾಲ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯನ್ನು ಅನುಭವಿಸಬೇಕು. ಅನಂತರವೇ ಗೆಡ್ಡೆಯನ್ನು ಸೀಳಿಕೊಂಡು ಉದ್ದನೆಯ ಕಾಂಡ ಮೇಲೇಳುತ್ತದೆ, ಹಳದಿ ಹೂಗಳು ಅರಳಿ ಬೀಜ ಕಟ್ಟುತ್ತದೆ. ಹೈದರಾಬಾದಿನಲ್ಲಿ ಡಿಸೆಂಬರ್ ತಿಂಗಳ ಸರಾಸರಿ ಕನಿಷ್ಠ ಉಷ್ಣತೆ 14–15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಒಂದೆರಡು ರಾತ್ರಿ ಎಷ್ಟೇ ಕೊರೆದರೂ ವಾರಗಟ್ಟಲೆಯ ಚಳಿ ದಖ್ಖನ್ನಿನಲ್ಲಿ ಒದಗುವುದಿಲ್ಲ. ಆದ್ದರಿಂದಲೇ ಈ ಬೆಳೆಯ ಬೀಜೋತ್ಪಾದನೆ ಹಿಮಾಚಲ ಪ್ರದೇಶದ ಕುಲ್ಲು ಕಣಿವೆಯಂತಹ ತಣ್ಣನೆಯ ನಾಡುಗಳ ಪಾಲಾಗಿದೆ. ಅಲ್ಲಿನ ಕಟ್ರಾಯಿನ್‌ನಲ್ಲಿ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ ಇದೆ. ಬಯಲು ನಾಡಿನ ಬಿಸಿಲಿಗೂ ಒಗ್ಗುವ ಹೈಬ್ರಿಡ್ ತಳಿಗಳು ಇಂದು ಬಂದಿವೆ ನಿಜ; ಆದರೆ ಗೆಡ್ಡೆ ಕಟ್ಟುವುದು ಬೇರೆ, ಬೀಜ ಕಟ್ಟುವುದು ಬೇರೆ.

ಗಜ್ಜರಿಯ ವಿಷಯದಲ್ಲಿ ಈ ಭೇದ ಇನ್ನೂ ಸ್ಪಷ್ಟ. ಪೂಸಾ ಕೇಸರ್‌ನಂತಹ ಕೆಂಪು ಏಷ್ಯನ್ ತಳಿಗಳು ಉತ್ತರದ ಬಯಲಿನಲ್ಲಿಯೇ ಬೀಜ ಕೊಡುತ್ತವೆ. ಕಿತ್ತಳೆ ಬಣ್ಣದ ನಾಂಟೆಸ್ ಮಾದರಿಯ ಯೂರೋಪಿಯನ್ ತಳಿಗಳಿಗೆ ಬೆಟ್ಟದ ಚಳಿಯೇ ಬೇಕು.

ಚಳಿಯಿಂದ ಸಸ್ಯವನ್ನು ಹೂಬಿಡಲು ಅಣಿಗೊಳಿಸುವ ಈ ಕ್ರಿಯೆಗೆ ವರ್ನಲೀಕರಣವೆಂದು ಹೆಸರು. ಚಳಿಯನ್ನು ಗ್ರಹಿಸುವ ಭಾಗ ಯಾವುದು? ಎಲೆಯೂ ಅಲ್ಲ, ಬೇರೂ ಅಲ್ಲ, ಕಾಂಡದ ಬೆಳೆಯುವ ತುದಿ. ಸೆಲರಿ ಗಿಡದ ತುದಿಯೊಂದನ್ನೇ ತಂಪಾಗಿರಿಸಿ, ಉಳಿದ ಭಾಗವನ್ನು ಬೆಚ್ಚಗಿಟ್ಟಾಗಲೂ ಹೂಕಾಂಡ ಹೊರಟದ್ದನ್ನು ವಿಜ್ಞಾನಿಗಳು ಕಂಡಿದ್ದಾರೆ.

ಆದರೆ ಚಳಿ ತಾನಾಗಿ ಕಾಂಡವನ್ನು ಎಳೆದು ಉದ್ದ ಮಾಡಲಾರದು. ಚಳಿಯಲ್ಲಿ ಬೆಳವಣಿಗೆ ಕುಂಠಿತವಾಗುವುದೇ ವಾಡಿಕೆ. ನಡುವೆ ಇನ್ನೊಂದು ವಸ್ತು ಕೆಲಸ ಮಾಡುತ್ತದೆ. ಅದು ಪತ್ತೆಯಾದ ಬಗೆ ಸ್ವಾರಸ್ಯಕರವಾಗಿದೆ. ಜಪಾನಿನ ಭತ್ತದ ಗದ್ದೆಗಳಲ್ಲಿ ಕೆಲವು ಸಸಿಗಳು ಅತಿಯಾಗಿ ಉದ್ದವಾಗಿ, ಸೊರಗಿ, ಕಾಳು ಕಟ್ಟದೆ ಬಿದ್ದುಹೋಗುತ್ತಿದ್ದವು. ರೈತರು ಇದನ್ನು ಹುಚ್ಚು ಸಸಿಯ ರೋಗವೆಂದು ಕರೆಯುತ್ತಿದ್ದರು. ರೋಗಕ್ಕೆ ಕಾರಣವಾದ ಶಿಲೀಂಧ್ರವು ಸ್ರವಿಸಿದ ರಸವೇ ಸಸಿಗಳನ್ನು ಉದ್ದವಾಗಿಸುತ್ತದೆಂದು ಕುರೋಸಾವಾ 1926ರಲ್ಲಿ ತೋರಿಸಿದರು. 1935ರಲ್ಲಿ ಯಾಬುತಾ ಆ ವಸ್ತುವಿಗೆ ಗಿಬ್ಬರೆಲಿನ್ ಎಂದು ಹೆಸರಿಟ್ಟರು. ರೋಗದಿಂದ ದೊರೆತ ಈ ವಸ್ತು ಆರೋಗ್ಯವಂತ ಸಸ್ಯಗಳಲ್ಲಿಯೂ ಸಹಜವಾಗಿ ತಯಾರಾಗುತ್ತದೆಂಬುದು ಎರಡನೆಯ ಮಹಾಯುದ್ಧದ ನಂತರವಷ್ಟೇ ತಿಳಿಯಿತು.

1957ರಲ್ಲಿ ಆಂಟನ್ ಲಾಂಗ್ ಪ್ರಕಟಿಸಿದ ಪ್ರಯೋಗವು ಎರಡು ಎಳೆಗಳನ್ನೂ ಜೋಡಿಸಿತು. ಚಳಿ ಕಾಣದ ಗಜ್ಜರಿ ಗಿಡಗಳಿಗೆ ಅವರು ನಾಲ್ಕು ವಾರ ಕಾಲ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಲಕ್ಷದಲ್ಲೊಂದು ಪಾಲು, ಗಿಬ್ಬರೆಲಿನ್ ಕೊಟ್ಟರು. ಆರು ವಾರ ಚಳಿ ಕಂಡ ಗಿಡಗಳಂತೆಯೇ ಇವೂ ಕಾಂಡವೆತ್ತಿ ಹೂಬಿಟ್ಟವು. ಏನೂ ಸಿಗದ ಗಿಡಗಳು ಎಲೆಗಳ ಗೊಂಚಲಾಗಿಯೇ ಉಳಿದವು. ಗಿಬ್ಬರೆಲಿನ್ ತುದಿಯ ಕೆಳಗಿನ ಜೀವಕೋಶಗಳನ್ನು ವಿಭಜನೆಗೆ ಪ್ರಚೋದಿಸಿ, ಅವುಗಳನ್ನು ನೀಳವಾಗಿಸುತ್ತದೆ. ಹಾಗೆಂದು ಅದನ್ನು ಚಳಿಯ ಪೂರ್ಣ ಬದಲಿಯೆಂದು ತಿಳಿಯುವುದು ಸರಿಯಲ್ಲ. ಎಷ್ಟೋ ಸಸ್ಯಗಳಲ್ಲಿ ಅದು ಕಾಂಡವನ್ನು ಉದ್ದವಾಗಿಸುತ್ತದೆಯೇ ಹೊರತು ಹೂ ಕೊಡುವುದಿಲ್ಲ. ದೀರ್ಘ ಚಳಿಯು ಹೂಬಿಡುವುದನ್ನು ತಡೆಯುವ ಜೀನನ್ನು ಮೌನಗೊಳಿಸುತ್ತದೆಂಬುದು ಅರಾಬಿಡಾಪ್ಸಿಸ್ ಎಂಬ ಪುಟ್ಟ ಸಸ್ಯದಲ್ಲಿ 1999ರಲ್ಲಿ ಗೊತ್ತಾಯಿತು. ಕೋಸಿನ ಬಂಧುಗಳಲ್ಲಿಯೂ ಅಂತಹ ಜೀನುಗಳಿವೆ.

ಇನ್ನು ದ್ರಾಕ್ಷಿ. ಅನಾಬ್-ಎ-ಶಾಹಿ ತಳಿಯನ್ನು ಪ್ರಸಿದ್ಧಿಗೆ ತಂದದ್ದು ಹೈದರಾಬಾದಿನ ತೋಟಗಳೇ. ನಗರ ಬೆಳೆದಂತೆ ಆ ತೋಟಗಳು ಕುಗ್ಗಿದವು. ವಿಜಯಪುರ, ಬಾಗಲಕೋಟೆಗಳಲ್ಲಿ ಬೀಜರಹಿತ ದ್ರಾಕ್ಷಿ ಹಬ್ಬಿತು. ಶೀತ ದೇಶಗಳಲ್ಲಿ ಬಳ್ಳಿಯ ಮೊಗ್ಗುಗಳು ಚಳಿಯಲ್ಲಿ ನಿದ್ರಿಸಿ ಒಟ್ಟಿಗೆ ಎಚ್ಚರಗೊಳ್ಳುತ್ತವೆ. ದಖ್ಖನ್ನಿನಲ್ಲಿ ಆ ಚಳಿ ಇಲ್ಲದ ಕಾರಣ ಅಕ್ಟೋಬರ್ ಸವರುವಿಕೆಯ ನಂತರ ಮೊಗ್ಗುಗಳಿಗೆ ಹೈಡ್ರೋಜನ್ ಸಯನಮೈಡ್ ಲೇಪಿಸುವ ರೂಢಿಯಿದೆ. ಇದು ಹಾರ್ಮೋನಲ್ಲ, ವಿಷ. ಚರ್ಮವನ್ನು ಸುಡುತ್ತದೆ, ಲೇಪಿಸಿದವನು ಅದರ ಹಿಂದುಮುಂದಿನ ದಿನಗಳಲ್ಲಿ ಮದ್ಯ ಮುಟ್ಟಿದರೆ ಪ್ರಾಣಕ್ಕೇ ಅಪಾಯ. ಕೈಗವಸಿಲ್ಲದೆ ಕೂಲಿಯಾಳುಗಳಿಂದ ಈ ಕೆಲಸ ಮಾಡಿಸುವುದು ಅಕ್ಷಮ್ಯ.

ಗೊಂಚಲು ಮೂಡಿದ ಮೇಲೆ ಗಿಬ್ಬರೆಲಿಕ್ ಆಮ್ಲದ ಸರದಿ. ಹೂ ಅರಳುವ ಮುನ್ನ ದಶಲಕ್ಷಕ್ಕೆ ಸುಮಾರು ಹತ್ತು ಭಾಗದ ದ್ರಾವಣ ತಗುಲಿದರೆ ಗೊಂಚಲಿನ ದಂಟು ನೀಳವಾಗಿ, ಕಾಯಿಗಳು ಒತ್ತೊತ್ತಾಗದೆ ಗಾಳಿಯಾಡುತ್ತದೆ, ಕೊಳೆಯುವುದು ತಗ್ಗುತ್ತದೆ. ಇದನ್ನು ಟಾನಿಕ್ ಎಂದು ಬಗೆದು ಪ್ರಮಾಣ ಹೆಚ್ಚಿಸಿದವರಿಗೆ ದಂಟು ದಪ್ಪವಾಗಿ ಗಡುಸಾಗುತ್ತದೆ, ಮುಂದಿನ ವರ್ಷ ಗೊಂಚಲುಗಳೇ ಕಡಿಮೆಯಾಗಬಹುದು. ಪುಡಿಯು ನೀರಿನಲ್ಲಿ ಸುಲಭವಾಗಿ ಕರಗದು. ಮೊದಲು ಸ್ವಲ್ಪ ಆಲ್ಕೊಹಾಲಿನಲ್ಲಿ ಕರಗಿಸಿ ಬಳಿಕ ನೀರಿಗೆ ಬೆರೆಸಬೇಕು.

ಚಳಿ ಬೇಡದೆಡೆಯಲ್ಲಿ ಬಂದು ಕಾಡುವುದು ಈರುಳ್ಳಿ ಬೆಳೆಯನ್ನು. ಬೀದರ್, ಕಲಬುರಗಿ ಕಡೆಯವರು ಉಳ್ಳಾಗಡ್ಡಿ ಎನ್ನುವ ಈ ಬೆಳೆಗೆ ಎಲೆಕೋಸಿನಷ್ಟು ಚಳಿ ಬೇಕಿಲ್ಲ. ಹಿಂಗಾರಿನಲ್ಲಿ ಅವಧಿಗೆ ಮೊದಲೇ ನಾಟಿಮಾಡಿದ, ಇಲ್ಲವೇ ಬಲಿತು ದಪ್ಪವಾದ ಸಸಿಗಳು ತಣ್ಣನೆಯ ರಾತ್ರಿಗಳಿಗೆ ಸಿಕ್ಕಿದರೆ ಗಡ್ಡೆ ಬಲಿಯುವ ಬದಲು ಹೂದಂಟು ಎಬ್ಬಿಸುತ್ತವೆ. ಪೆನ್ಸಿಲಿಗಿಂತ ತೆಳ್ಳಗಿರುವ ಎಳೆಯ ಸಸಿಗಳು ಅದೇ ಚಳಿಯನ್ನು ಗ್ರಹಿಸುವುದಿಲ್ಲ. ಆರು–ಏಳು ವಾರದ ಸಸಿಯನ್ನು, ಹಂಗಾಮಿಗೆ ಶಿಫಾರಸಾದ ತಳಿಯಿಂದಲೇ ನಾಟಿ ಮಾಡುವುದು ಉಚಿತ. ಹೂದಂಟು ಮೂಡಿದ ಮೇಲೆ ಅದನ್ನು ಮುರಿದುಹಾಕಿದರೂ ಗಡ್ಡೆಯ ನಡುವಿನ ಗಟ್ಟಿ ದಂಟು ಹೋಗದು. ಅಂತಹ ಗಡ್ಡೆಗಳನ್ನು ಬೇರೆ ಆರಿಸಿ, ದಾಸ್ತಾನು ಮಾಡದೆ ಮೊದಲು ಮಾರಿಬಿಡಬೇಕು.