ಮಾಳಿಗೆ ಮೇಲಿನ ಆಂಟೆನಾ



ಸಾಫ್ಟ್‌ವೇರ್ ಕೆಲಸ ಅಂದರೇನು ಎಂದು ಊರಿಗೆ ಬಂದಾಗಲೆಲ್ಲ ಕೇಳುತ್ತೀರಿ. ಯಮನೂರಿನ ಮಣ್ಣಿನ ಮಾಳಿಗೆಗಳ ಮೇಲೆ ಟಿ.ವಿ. ಆಂಟೆನಾ ಇದ್ದ ಕಾಲ ನೆನೆಸಿಕೊಳ್ಳಿ. ಬೆಣ್ಣಿಹಳ್ಳದ ಕಡೆಯಿಂದ ಜೋರು ಗಾಳಿ ಬೀಸಿದರೆ ಕೋಲು ತಿರುಗಿ, ಚಂದನ ವಾಹಿನಿಯಲ್ಲಿ ಬರೀ ಚುಕ್ಕಿ. ಮಾಳಿಗೆ ಏರಿದವನಿಗೆ ಚಿತ್ರ ಕಾಣದು. ಚಿತ್ರ ನೋಡುವ ಅವ್ವನಿಗೆ ಕೋಲು ಎಟುಕದು. ಬಾಗಿಲಲ್ಲಿ ನಿಂತ ಅಕ್ಕ "ಬಂತು, ಬಂತು... ಹೋತು!" ಎಂದು ಕೂಗಬೇಕು.

ಈ ಬಗೆಯ ಆಂಟೆನಾವನ್ನು 1926ರಲ್ಲಿ ಜಗತ್ತಿಗೆ ತಿಳಿಸಿದವರು ಜಪಾನಿನ ಉಡಾ ಮತ್ತು ಯಾಗಿ. ಹಿಂದಿನ ಉದ್ದ ಕಡ್ಡಿ ಅಲೆಯನ್ನು ಮುಂದಕ್ಕೆ ಮರಳಿಸುತ್ತದೆ. ಮುಂದಿನ ಗಿಡ್ಡ ಕಡ್ಡಿಗಳು ಪ್ರಸಾರ ಗೋಪುರದ ಕಡೆ ಮುಖ ಮಾಡಿರಬೇಕು. 200 ಮೆಗಾಹರ್ಟ್ಸ್ ಅಲೆಯ ಉದ್ದ ಒಂದೂವರೆ ಮೀಟರ್. ಅದರರ್ಧ, ಸುಮಾರು 75 ಸೆಂಟಿಮೀಟರ್, ಕಡ್ಡಿಯ ಅಳತೆ. ವಿಜ್ಞಾನದ ಪಾಠ ನಮ್ಮ ಮಾಳಿಗೆ ಮೇಲೇ ಇತ್ತು.

ದುರಸ್ತಿಗೂ ಕ್ರಮವಿತ್ತು. ಮೊದಲು ವೈರಿನ ತುದಿಯ ಕಿಲುಬು ಉಜ್ಜುವುದು, ನೋಡುವುದು. ಆಮೇಲೆ ಕೋಲು ತಿರುಗಿಸುವುದು. ಎರಡನ್ನೂ ಕೂಡಿಯೇ ಮಾಡಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು. ಮೋಡ ಕಟ್ಟಿದರೆ ಅಪ್ಪ ಏಣಿ ಮುಟ್ಟಗೊಡುತ್ತಿರಲಿಲ್ಲ. ಕರೆಂಟಿನ ತಂತಿ ಹತ್ತಿರವಿದ್ದಲ್ಲಿ ಕೋಲನ್ನೇ ನಿಲ್ಲಿಸುತ್ತಿರಲಿಲ್ಲ. ಸಿನಿಮಾ ಮುಂದಿನ ವಾರವೂ ಬರುತ್ತದೆ, ಜೀವ ಬರುವುದಿಲ್ಲ.

ಬೆಂಗಳೂರಿನಲ್ಲಿ ಇಂದು ನಾನು ಮಾಡುವುದೂ ಇದನ್ನೇ: ಒಂದೊಂದೇ ಬದಲಿಸಿ, ಬಳಸುವವರನ್ನು ಕೇಳುವುದು. ಕನ್ನಡ ಮಾಧ್ಯಮದವರೆಂದು ಪ್ರಶ್ನೆ ಕೇಳಲು ಅಂಜುವ ಮಕ್ಕಳೇ, ಮಾಳಿಗೆ ಮೇಲಿನವನು "ಬಂತೇನು?" ಎಂದು ಕೂಗದಿದ್ದರೆ ಯಾರ ಮನೆಯಲ್ಲೂ ಚಿತ್ರ ಬರುತ್ತಿರಲಿಲ್ಲ. ನೀವೂ ಗಟ್ಟಿಯಾಗಿ ಕೇಳಿರಿ.