ಪರದೇಶದಲ್ಲಿ ಅನುಭವಸ್ಥನ ಉದ್ಯೋಗಾನ್ವೇಷಣೆ



ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿರುವ ನಮ್ಮ ಮನೆಗೆ ಸಂಜೆಯ ಹೊತ್ತು ಹಳೆಯ ವಿದ್ಯಾರ್ಥಿಗಳೂ ನೆರೆಹೊರೆಯವರೂ ಬರುವುದುಂಟು. ಇಂಗ್ಲಿಷಿನ ಪತ್ರವೊಂದನ್ನು ತಿದ್ದಿಕೊಡಬೇಕೆಂಬುದು ಅವರ ಬಿನ್ನಹ. ಮೊದಲು ಹೀಗೆ ಬರುತ್ತಿದ್ದವರು ಹೊರನಾಡಿಗೆ ಓದಲು ಹೊರಟ ಎಳೆಯರು. ಈಚೆಗೆ ನಲವತ್ತು ದಾಟಿದ ಗೃಹಸ್ಥರೂ ಬರುತ್ತಿದ್ದಾರೆ. ಎಳೆಯನನ್ನು ಪರದೇಶವು ಏನು ಕಲಿಯಬಲ್ಲೆಯೆಂದು ಕೇಳುತ್ತದೆ. ಅನುಭವಸ್ಥನನ್ನಾದರೋ, ಮಾಡಿದೆನೆನ್ನುವ ಕೆಲಸಕ್ಕೆ ಸಾಕ್ಷಿಯೆಲ್ಲಿ ಎಂದು ಕೇಳುತ್ತದೆ.

ನೆರೆಮನೆಯ ಮಹನೀಯರೊಬ್ಬರ ಸಂಗತಿಯನ್ನೇ ತೆಗೆದುಕೊಳ್ಳೋಣ. ಅವರು ಯಂತ್ರಶಾಸ್ತ್ರದ ಪದವೀಧರರು, ವಯಸ್ಸು 42. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪಿತವಾದಂದಿನಿಂದ ಲೇತಿನ ಕೆಲಸವು ಆ ಊರಿನವರ ಕೈಗೆ ಒಗ್ಗಿದ ವಿದ್ಯೆ. ಆ ಕಾರ್ಖಾನೆ ಈಗಿಲ್ಲ. ವಿದ್ಯೆ ಮಾತ್ರ ಚಿಕ್ಕಪುಟ್ಟ ಕಾರ್ಯಾಗಾರಗಳಲ್ಲಿ ಉಳಿದಿದೆ. ನಮ್ಮ ನೆರೆಯವರು ಅಂಥದೊಂದರಲ್ಲಿ ಆರು ವರ್ಷ ದುಡಿದರು. ಅದೂ ಬಾಗಿಲು ಹಾಕಿತು.

ಕೆನಡಾ ದೇಶವು 2015ರಿಂದ ಕುಶಲರನ್ನು ಅಂಕಗಳಿಂದ ಆರಿಸುತ್ತಿದೆ. ಪತ್ನೀಸಮೇತನಾಗಿ ಅರ್ಜಿ ಹಾಕುವವನಿಗೆ 20ರಿಂದ 29ರ ವಯಸ್ಸಿನಲ್ಲಿ 100 ಅಂಕ, 42ಕ್ಕೆ 25, 43ಕ್ಕೆ 15, 45ಕ್ಕೆ ಸೊನ್ನೆ. ಜರ್ಮನಿಯವರು 2024ರ ಜೂನಿನಲ್ಲಿ ಆರಂಭಿಸಿದ ಅವಕಾಶಪತ್ರದಿಂದ ಅಲ್ಲಿಗೇ ಹೋಗಿ ಒಂದು ವರ್ಷ ಕೆಲಸ ಹುಡುಕಬಹುದು, ವಾರಕ್ಕೆ 20 ಗಂಟೆ ದುಡಿಯಲೂಬಹುದು. ಅಲ್ಲಿ ಐದು ವರ್ಷದ ಅನುಭವಕ್ಕೆ 3 ಅಂಕವುಂಟು. ನಲವತ್ತು ದಾಟಿದ ವಯಸ್ಸಿಗೆ ಒಂದೂ ಇಲ್ಲ. ಅನುಭವ ಬೇಕು, ಅದನ್ನು ಗಳಿಸಲು ತಗಲಿದ ವರ್ಷಗಳು ಬೇಡ! ವೈದ್ಯರ ಪಾಡು ಇನ್ನೂ ಕಠಿಣ. ನಮ್ಮೂರ ಜೆ. ಜೆ. ಎಂ. ವೈದ್ಯಕೀಯ ಕಾಲೇಜು 1965ರಿಂದ ವೈದ್ಯರನ್ನು ರೂಪಿಸುತ್ತಿದೆ. ಅವರಲ್ಲೊಬ್ಬರು ಇಲ್ಲಿ ಹತ್ತು ವರ್ಷ ರೋಗಿಗಳನ್ನು ನೋಡಿದ್ದರೂ ಅಮೆರಿಕದಲ್ಲಿ ಬಹುಮಟ್ಟಿಗೆ ಪರೀಕ್ಷೆಗಳನ್ನು ಮುಗಿಸಿ, ಆಸ್ಪತ್ರೆಯೊಂದರಲ್ಲಿ ಪುನಃ ಶಿಕ್ಷಣಾರ್ಥಿಯಾಗಿ ನಿಲ್ಲಬೇಕು.

ನೆರೆಯವರು ತಂದ ಅನುಭವಪತ್ರವನ್ನು ನೋಡಿ ನಮಗೆ ನಗುವೂ ವ್ಯಥೆಯೂ ಒಟ್ಟಿಗೆ ಬಂದುವು. 'ಇವರು ಸಭ್ಯರು, ಪರಿಶ್ರಮಿಗಳು, ಸದ್ವರ್ತನೆಯುಳ್ಳವರು' ಎಂದಷ್ಟೇ ಅದರ ಸಾರ. ನಾವು ಅಧ್ಯಾಪಕರೂ ಇಂಥವನ್ನೇ ಬರೆದುಕೊಡುತ್ತ ಬಂದಿದ್ದೇವೆ. ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಕೆನಡಾದ ಅಧಿಕಾರಿಗೆ ಬೇಕಾದದ್ದು ಬೇರೆ: ಹುದ್ದೆಯ ಹೆಸರು, ಸೇರಿದ ಮತ್ತು ಬಿಟ್ಟ ದಿನ, ವಾರಕ್ಕೆ ಎಷ್ಟು ಗಂಟೆ, ಸಂಬಳವೆಷ್ಟು, ಮಾಡಿದ ಕೆಲಸವೇನು. ಸದ್ವರ್ತನೆಯ ಮಾತನ್ನು ಆತ ಓದುತ್ತಾನೋ ಇಲ್ಲವೋ.

ಬಾಗಿಲು ಹಾಕಿದ ಕಾರ್ಯಾಗಾರದಿಂದ ಇದನ್ನು ತರುವುದೆಂತು? ನೆರೆಯವರು ಮನೆಯ ಪೆಟ್ಟಿಗೆಗಳನ್ನೆಲ್ಲ ತಡಕಿ ನೇಮಕದ ಪತ್ರವನ್ನೂ, ಸಂಬಳದ ಚೀಟಿಗಳನ್ನೂ, ಭವಿಷ್ಯನಿಧಿಯ ಲೆಕ್ಕವನ್ನೂ ಹೊರತೆಗೆದರು. ಬಳಿಕ ಹರಿಹರಕ್ಕೆ ಹೋಗಿ ಹಳೆಯ ಯಜಮಾನರನ್ನು ಹುಡುಕಿದರು. ಆ ವೃದ್ಧರು ಕನ್ನಡಕ ಏರಿಸಿಕೊಂಡು, ಯಾವ ಯಂತ್ರದ ಮೇಲೆ ಯಾವ ಭಾಗವನ್ನು ಎಷ್ಟು ಸೂಕ್ಷ್ಮವಾಗಿ ಕಡೆಯುತ್ತಿದ್ದರೆಂಬುದನ್ನು ನೆನಪಿನಿಂದಲೇ ಹೇಳಿ ಬರೆಸಿದರಂತೆ. 'ಇಷ್ಟು ಕೆಲಸ ಮಾಡಿದ್ದೆಯಾ, ಮಾರಾಯ?' ಎಂದು ಅವರೇ ಬೆರಗಾದರಂತೆ.

ಈ ನಡುವೆ ದಲ್ಲಾಳಿಯೊಬ್ಬನು ನೆರೆಯವರನ್ನು ಕಂಡು, ನಾಲ್ಕು ಲಕ್ಷ ಕೊಟ್ಟರೆ ಕೊಲ್ಲಿ ದೇಶದಲ್ಲಿ ಕೆಲಸ ಖಂಡಿತವೆಂದನು. 1983ರ ವಲಸೆ ಕಾಯಿದೆಯಂತೆ ನೋಂದಣಿಯಿಲ್ಲದವರು ಪರದೇಶದ ಕೆಲಸಕ್ಕೆ ಜನರನ್ನು ನೇಮಿಸುವಂತಿಲ್ಲ. ನೋಂದಾಯಿತರೂ 30,000 ರೂಪಾಯಿ ಮತ್ತು ತೆರಿಗೆಯನ್ನು ಮೀರಿ ಶುಲ್ಕ ತೆಗೆದುಕೊಳ್ಳುವಂತಿಲ್ಲ. ನೋಂದಣಿಯ ಸಂಖ್ಯೆ ಕೇಳಿದೊಡನೆ ಆತನು ಮತ್ತೆ ಬರಲಿಲ್ಲ.

ಕಾಗದಪತ್ರಗಳೆಲ್ಲ ಈಗ ಸಿದ್ಧವಾಗಿವೆ. ಇಂಗ್ಲಿಷ್ ಪರೀಕ್ಷೆಯೊಂದು ಮಾತ್ರ ಉಳಿದಿದೆ. ಅದಕ್ಕಾಗಿ ನೆರೆಯವರು ರಾತ್ರಿ ಊಟವಾದ ಮೇಲೆ ನಮ್ಮ ಜಗುಲಿಯಲ್ಲಿ ಕುಳಿತು ಪಾಠ ಒಪ್ಪಿಸುತ್ತಾರೆ. ಬರುವ ಶ್ರಾವಣಕ್ಕೆ ಅವರಿಗೆ 43 ತುಂಬುತ್ತದೆ. ಅವರ ಪತ್ನಿ ಪಂಚಾಂಗದಲ್ಲಿ ಆ ದಿನವನ್ನು ಗುರುತು ಹಾಕಿ ಇಟ್ಟಿದ್ದಾರೆ.