ಕಿಡಿ ಎಲ್ಲಿ ನಿಂತಿತು? ನಾಡದೋಣಿ ಇಂಜಿನ್‌ಗೆ ಮನೆಯಲ್ಲೇ ತಪಾಸಣೆ

ಪುಣೆ, ಹೈದರಾಬಾದಲ್ಲಿ ಕೂತು ಕೋಡ್ ಬರೆಯೋ ನಮ್ಮಲ್ಲಿ ಕೆಲವರ ಮನೆ ಮಲ್ಪೆ, ಗಂಗೊಳ್ಳಿ, ಹೊನ್ನಾವರದ ಕಡೆ. ಊರಿಂದ ಅಣ್ಣನ ಫೋನ್ ಬರುತ್ತೆ: "ಇಂಜಿನ್ ಸ್ಟಾರ್ಟ್ ಆಗ್ತಾ ಇಲ್ಲ ಮಾರಾಯ. ಸಿಡಿಐ ಹೋಯ್ತು ಕಾಣ್ತದೆ, ದುಡ್ಡು ಕಳಿಸು." ಕಳಿಸೋ ಮುಂಚೆ ಒಂದು ವಿಡಿಯೋ ಕಾಲ್ ಮಾಡಿ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುತ್ತೆ. 10 ಎಚ್‌ಪಿವರೆಗಿನ ಇಂಜಿನ್ ಕಟ್ಟಿದ ನಾಡದೋಣಿಗೆ ವಿನಾಯಿತಿ. ಅವರ ದುಡಿಮೆಯ ಕಾಲವೇ ಅದು. ಅಳಿವೆ ಬಾಯಲ್ಲಿ ಅಲೆ ಜೋರಾಗಿರೋದೂ ಆಗಲೇ. ಅಲ್ಲಿ ಇಂಜಿನ್ ನಿಂತರೆ ಹೋಗೋದು ಬರೀ ಮೀನಲ್ಲ.

ಕೆಲಸ ಹೀಗೆ ನಡೆಯುತ್ತೆ. ಹಗ್ಗ ಎಳೆದಾಗ ಫ್ಲೈವೀಲಿನ ಆಯಸ್ಕಾಂತ ತಿರುಗಿ ಕಾಯಿಲ್‌ನಲ್ಲಿ ಕರೆಂಟ್ ಹುಟ್ಟುತ್ತೆ. ಸಿಡಿಐ ಅದನ್ನು ಕೂಡಿಟ್ಟು, ಸರಿಯಾದ ಕ್ಷಣಕ್ಕೆ ಇಗ್ನಿಷನ್ ಕಾಯಿಲ್‌ಗೆ ಬಿಡುತ್ತೆ. ವೋಲ್ಟೇಜ್ ಸಾವಿರಾರು ವೋಲ್ಟ್‌ಗೆ ಏರಿ ಪ್ಲಗ್‌ನಲ್ಲಿ ಕಿಡಿ ಹಾರುತ್ತೆ. ಸ್ಟಾಪ್ ಸ್ವಿಚ್ ಮಾಡೋದಿಷ್ಟೇ: ಆ ಕರೆಂಟನ್ನು ಇಂಜಿನ್ ಬಾಡಿಗೆ ಇಳಿಸಿಬಿಡುತ್ತೆ. ಹಾಗಾಗಿ ಸ್ವಿಚ್ಚೊಳಗೆ ಉಪ್ಪು ಕೂತರೆ, ಇಲ್ಲಾ ವಯರ್ ಸಿಪ್ಪೆ ಸುಲಿದು ಬಾಡಿಗೆ ತಾಗಿದರೆ, ಸಿಡಿಐ ಗಟ್ಟಿಯಾಗಿದ್ದರೂ ಕಿಡಿ ಬರಲ್ಲ.

ಈಗ ಒಂದೊಂದಾಗಿ ನೋಡೋಣ. ಒಂದು ಸಲಕ್ಕೆ ಒಂದೇ ಬದಲಾವಣೆ. ಡೀಬಗ್ ಮಾಡೋರಿಗೆ ಇದನ್ನು ಹೇಳಬೇಕಾಗಿಲ್ಲ.

ಮೊದಲು ಸ್ಟಾಪ್ ಸ್ವಿಚ್ಚಿನ ಸುರಕ್ಷಾ ದಾರದ ಕ್ಲಿಪ್ ಸಿಕ್ಕಿಸಿದೆಯಾ ನೋಡಿ. ಆಮೇಲೆ ಪ್ಲಗ್ ಬಿಚ್ಚಿ. ಒಣಗಿದ್ದರೆ ಇಂಧನ ಬರ್ತಾ ಇಲ್ಲ, ಆ ಕಡೆ ಹುಡುಕಿ. ಒದ್ದೆಯಾಗಿದ್ದರೆ ಇಂಧನ ಬರ್ತಿದೆ, ಕಿಡಿ ಮೇಲೆ ಅನುಮಾನ. ಸೀಮೆಎಣ್ಣೆಯಲ್ಲಿ ಓಡೋ ಇಂಜಿನ್‌ಗಳಲ್ಲಿ ಪ್ಲಗ್‌ಗೆ ಮಸಿ ಹಿಡಿಯೋದು ಮಾಮೂಲಿ, ಹೊಸ ಪ್ಲಗ್ ಹಾಕಿ ನೋಡಿ.

ಮೂರನೇದು ಕಿಡಿ ಪರೀಕ್ಷೆ. ಬಯಲಲ್ಲಿ ಮಾಡಿ, ಇಂಧನದ ಪೈಪ್ ಕಳಚಿ, ಸುರಿದ ಪೆಟ್ರೋಲ್ ಒರೆಸಿ. ಪ್ಲಗ್‌ಗಳನ್ನು ಕ್ಯಾಪಿಗೆ ಸಿಕ್ಕಿಸಿ, ಲೋಹದ ಭಾಗ ಬಾಡಿಗೆ ಗಟ್ಟಿಯಾಗಿ ತಾಗಿಸಿಡಿ. ಪ್ಲಗ್ ಕೂರೋ ತೂತಿನಿಂದ ದೂರ ಇರಲಿ, ಅಲ್ಲಿಂದ ಬರೋ ಆವಿಗೆ ಬೆಂಕಿ ಹತ್ತಬಹುದು. ಕೈಯಲ್ಲಿ ಹಿಡೀಬೇಡಿ. ಹಗ್ಗ ಎಳೆಯಿರಿ.

ಎರಡು ಸಿಲಿಂಡರಲ್ಲಿ ಒಂದಕ್ಕೆ ಮಾತ್ರ ಕಿಡಿ ಇಲ್ಲದಿದ್ದರೆ ಪ್ಲಗ್ ಅದಲುಬದಲು ಮಾಡಿ. ತೊಂದರೆ ಪ್ಲಗ್ ಜೊತೆ ಹೋದರೆ ಪ್ಲಗ್ಗೇ ಕೆಟ್ಟಿದೆ. ಅಲ್ಲೇ ಉಳಿದರೆ ಕ್ಯಾಪ್, ವಯರ್, ಕಾಯಿಲ್ ನೋಡಿ. ಎರಡಕ್ಕೂ ಇಲ್ಲದಿದ್ದರೆ ತೊಂದರೆ ಎರಡಕ್ಕೂ ಸೇರಿದ ಜಾಗದಲ್ಲಿದೆ. ಪ್ಲಗ್ ಹೊರಗಿರುವಾಗಲೇ ಸ್ಟಾಪ್ ಸ್ವಿಚ್ಚಿನ ವಯರನ್ನು ಕನೆಕ್ಟರ್ ಹತ್ತಿರ ಕಳಚಿ ಮತ್ತೆ ಎಳೆಯಿರಿ. ಕಿಡಿ ಬಂತಾ? ಹಾಗಾದ್ರೆ ಬೇಕಿರೋದು ಸ್ವಿಚ್ ಅಥವಾ ವಯರ್, ಸಿಡಿಐ ಅಲ್ಲ. ಬರದಿದ್ದರೆ ಮಲ್ಟಿಮೀಟರ್ ಹಿಡಿದು ಕಾಯಿಲ್‌ಗಳ ರೆಸಿಸ್ಟೆನ್ಸ್ ಅಳೆದು, ಸರ್ವಿಸ್ ಪುಸ್ತಕದ ಅಂಕಿಗೆ ಹೋಲಿಸಿ. ಕಾಯಿಲ್, ವಯರ್ ಎಲ್ಲ ಸರಿ ಅಂತಾದ ಮೇಲೆ ಸಿಡಿಐ ಮಾತು.

ಒಂದನ್ನು ಮಾತ್ರ ಅಣ್ಣನಿಗೆ ಒತ್ತಿ ಹೇಳಿ. "ವಯರ್ ಕಳಚಿದ್ರೆ ಹತ್ತುತ್ತಲ್ಲ, ಹಾಗೇ ಹೋಗ್ತೇನೆ" ಅಂದರೆ ಒಪ್ಪಬೇಡಿ. ಕಡಲಲ್ಲಿ ಯಾರಾದರೂ ನೀರಿಗೆ ಬಿದ್ದರೆ ದಾರ ಎಳೆದರೂ ಇಂಜಿನ್ ನಿಲ್ಲಲ್ಲ, ಪ್ರೊಪೆಲ್ಲರ್ ತಿರುಗ್ತಾನೇ ಇರುತ್ತೆ. ಸ್ವಿಚ್ ಬದಲಾಯಿಸಿದ ಮೇಲೇ ದೋಣಿ ನೀರಿಗಿಳೀಲಿ.